ಡಬ್ಬದ ಮೇಲಿನ 48 ಮೆಗಾಪಿಕ್ಸೆಲ್ ನಂಬಿ ಕ್ಯಾಮೆರಾ ತಗೋಬೇಡಿ

ಐದರಿಂದ ಹತ್ತು ಸಾವಿರದೊಳಗೆ ಆನ್‌ಲೈನಿನಲ್ಲಿ ಸಿಗುವ, ಹೆಸರೇ ಕೇಳಿರದ ಕಂಪನಿಯ "48 ಮೆಗಾಪಿಕ್ಸೆಲ್, 4ಕೆ, 16ಎಕ್ಸ್ ಜೂಮ್, ಆಟೋಫೋಕಸ್" ಕ್ಯಾಮೆರಾಗಳಿವೆಯಲ್ಲ, ದಯವಿಟ್ಟು ಅವನ್ನು ತಗೋಬೇಡಿ. ನಿಮ್ಮ ಫೋಟೋ ನೀವೇ ತೆಗೆದುಕೊಳ್ಳಬೇಕು ಅಂತಿದ್ದರಂತೂ ಹತ್ತಿರವೂ ಸುಳಿಯಬೇಡಿ. ನಮ್ಮ ಚಿಕ್ಕಮಗಳೂರು ಕಡೆ ಮನೆಯಲ್ಲೇ ಹೊಲಿಗೆ, ಮೇಕಪ್, ಒಡವೆ ಕೆಲಸ ಮಾಡುವ ಹೆಣ್ಣುಮಕ್ಕಳು ಇಂಥದ್ದನ್ನೇ ಹುಡುಕುತ್ತಿರುವುದು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಲ್ದೂರಿನ ಹತ್ತಿರ ಇರುವುದು. ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಮಾಡುತ್ತೇನೆ. ಹೊಸ ಡಿಸೈನ್ ಮುಗಿದಾಗ ನಾನೇ ಹಾಕಿಕೊಂಡು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಗೊಂಬೆಗೆ ಹಾಕಿ ತೋರಿಸಿದರೆ ತೋಳು ಹೇಗೆ ಕೂರುತ್ತೆ, ಬೆನ್ನು ಹೇಗೆ ಕಾಣುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಬರಬೇಕಾದರೆ ಆಷಾಢದಲ್ಲೇ ಫೋಟೋ ಹೋಗಬೇಕು, ಆಗ ನಮ್ಮಲ್ಲಿ ಮಳೆ ಹಿಡಿದುಕೊಂಡಿರುತ್ತೆ, ಸುತ್ತ ತೋಟ, ಸಿಲ್ವರ್ ಓಕ್ ಮರಗಳು, ಮಧ್ಯಾಹ್ನ ಹನ್ನೆರಡು ಗಂಟೆಗೂ ಜಗುಲಿಯಲ್ಲಿ ಮಬ್ಬು ಬೆಳಕು. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ಆ ಬೆಳಕಿಗೆ ಮಣಿ, ಜರ್ದೋಸಿ ಎಲ್ಲ ಒಂದಕ್ಕೊಂದು ಕಲಸಿಹೋಗುತ್ತಿತ್ತು. ಅದಕ್ಕೇ ಕ್ಯಾಮೆರಾ ಬೇಕಾಗಿದ್ದು.

ಬಂದದ್ದು ಏನು ಅಂತ ಹೇಳುತ್ತೇನೆ. ನೋಡೋಕೆ ಚೆಂದ. ಸ್ಕ್ರೀನ್ ಮುಂದಕ್ಕೆ ತಿರುಗುತ್ತೆ, ಮುಖ ಕಂಡ ಕೂಡಲೇ ಹಳದಿ ಚೌಕ ಬರುತ್ತೆ. ಕಿಟಕಿ ಪಕ್ಕ ನಿಂತು ನವಿಲು ಡಿಸೈನಿನ ತೋಳು ಕಾಣುವ ಹಾಗೆ ಒಂದು ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದೆ. ನವಿಲಿನ ಕಣ್ಣಿಗೆ ಹಾಕಿದ್ದ ಕೆಂಪು ಕಲ್ಲು ಒಂದು ಕಲೆ ಥರ, ಸುತ್ತಲಿನ ಚಿಕ್ಕ ಮಣಿಗಳು ಒಂದೂ ಬೇರೆಬೇರೆಯಾಗಿ ಇಲ್ಲ, ಎಲ್ಲ ಸೇರಿ ಬಣ್ಣ ಬಳಿದ ಹಾಗೆ. ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ತಾರೀಖು ಮಾತ್ರ ಓದೋಕೆ ಬರುತ್ತಿತ್ತು! ಅಂದರೆ ಹಳದಿ ಚೌಕ ಮುಖ ಹುಡುಕುತ್ತೆ ಅಷ್ಟೆ, ಫೋಕಸ್ ಅಲ್ಲಿಗೆ ಹೋಗುವುದಿಲ್ಲ.

ಆಮೇಲೆ 48 ಮೆಗಾಪಿಕ್ಸೆಲ್ ವಿಷಯ. ಮೆನುವಿನಲ್ಲಿ 12 ಅಂತಲೂ ಇತ್ತು, 48 ಅಂತಲೂ ಇತ್ತು. ಟ್ರೈಪಾಡ್ ಅಲುಗಾಡಿಸದೆ ಅದೇ ಬ್ಲೌಸನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ 48ರಲ್ಲಿ ಒಂದು ಎಳೆಯೂ ಜಾಸ್ತಿ ಕಾಣಲ್ಲ, ಫೈಲ್ ಮಾತ್ರ ದೊಡ್ಡದು. ಸೆನ್ಸಾರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಕಂಡಿದ್ದು ಸ್ವಲ್ಪ, ಉಳಿದ ಚುಕ್ಕೆಗಳನ್ನು (ಪಿಕ್ಸೆಲ್‌ಗಳನ್ನು) ಒಳಗಿರುವ ಸಾಫ್ಟ್‌ವೇರ್ ಅಂದಾಜಿನ ಮೇಲೆ ತುಂಬಿಸಿರುತ್ತೆ. 16ಎಕ್ಸ್ ಜೂಮ್ ಕೂಡ ಹಾಗೇ, ಲೆನ್ಸ್ ಅಲುಗುವುದೇ ಇಲ್ಲ, ತೆಗೆದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತೆ.

ಇನ್ನೊಂದು ಮಾತು ಯಾರೂ ಹೇಳಲ್ಲ, ಆದರೆ ಒಬ್ಬರೇ ಫೋಟೋ ತೆಗೆದುಕೊಳ್ಳುವವರಿಗೆ ಇದೇ ಮುಖ್ಯ. ಸೆಲ್ಫ್ ಟೈಮರ್ ಹಾಕಿ ಬಟನ್ ಒತ್ತಿದಾಗ ಸುಮಾರು ಕ್ಯಾಮೆರಾಗಳು ಒತ್ತಿದ ಆ ಕ್ಷಣಕ್ಕೇ ಫೋಕಸ್ ಮಾಡಿಬಿಡುತ್ತವೆ. ಆಗ ಎದುರಿಗೆ ಯಾರಿರುತ್ತಾರೆ? ಖಾಲಿ ಗೋಡೆ. ನೀವು ಓಡಿ ಹೋಗಿ ನಿಂತು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಫೋಟೋ ಬಂದಿರುತ್ತೆ, ಗೋಡೆ ಸ್ಪಷ್ಟ, ನೀವು ಮಸುಕು. ಒಳ್ಳೆ ಕ್ಯಾಮೆರಾದಲ್ಲಿ ಇದಕ್ಕೆ ದಾರಿ ಇದೆ. ನಿಲ್ಲುವ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಫೋಕಸ್ ಮಾಡಿ, ಅದು ತಾನಾಗಿ ಬದಲಾಗದ ಹಾಗೆ ಲೆನ್ಸನ್ನು ಮ್ಯಾನುಯಲ್‌ಗೆ ಹಾಕಬಹುದು, ಇಲ್ಲಾ ವೈಫೈನಲ್ಲಿ ಫೋನಿಗೆ ಜೋಡಿಸಿ ನಿಂತಲ್ಲಿಂದಲೇ ಫೋನಿನ ಸ್ಕ್ರೀನಿನಲ್ಲಿ ನಿಮ್ಮ ಮುಖ ಮುಟ್ಟಿದರೆ ಅಲ್ಲಿಗೇ ಫೋಕಸ್ ಆಗುತ್ತೆ. ನನಗೆ ಬಂದದ್ದರಲ್ಲಿ ಮ್ಯಾನುಯಲ್ ಫೋಕಸ್ ಇರಲಿಲ್ಲ, ವೈಫೈ ಅಂತ ಬರೆದಿದ್ದರೂ ಅದರ ಆಪ್ ಫೋನಿಗೆ ಜೋಡಣೆಯೇ ಆಗಲಿಲ್ಲ.

ವಾಪಸ್ ಕೊಡೋಣ ಅಂದರೆ ದುಡ್ಡು ವಾಪಸ್ ಇಲ್ಲ, ಬದಲಿ ಮಾತ್ರ ಅಂದರು. ಬದಲಿಯಾಗಿ ಬಂದದ್ದೂ ಅದೇ, ಫೋಟೋನೂ ಅದೇ. ಮಾರಿದವರಿಗೆ ಫೋನ್ ಮಾಡಿದರೆ "ಕ್ಯಾಮೆರಾ ಆನ್ ಆಗ್ತಿದೆ ಅಲ್ವಾ ಮೇಡಂ, ಅಂದ್ಮೇಲೆ ಡಿಫೆಕ್ಟ್ ಇಲ್ಲ, ಇದರ ಕ್ವಾಲಿಟಿನೇ ಇಷ್ಟು" ಅಂದರು. ಇದು ಕೇಳಿ ನನಗೆ ತುಂಬಾ ಸಿಟ್ಟು ಬಂತು, ಈಗಲೂ ಬರುತ್ತೆ. ಕ್ವಾಲಿಟಿ ಇಷ್ಟೇ ಅಂತ ಗೊತ್ತಿದ್ದು ಡಬ್ಬದ ಮೇಲೆ 48 ಅಂತ ಬರೆಯುವುದು ಮೋಸ ಅಲ್ಲದೆ ಇನ್ನೇನು? ಹಬ್ಬದ ಆರ್ಡರ್ ಅರ್ಧಕ್ಕರ್ಧ ಹೋಯಿತು.

ಹಾಗಾದರೆ ಏನು ತಗೋಬೇಕು. ಕೈಯಲ್ಲಿ ಹತ್ತು ಸಾವಿರದೊಳಗೆ ಇದ್ದರೆ ಕ್ಯಾಮೆರಾ ಬೇಡವೇ ಬೇಡ. ಒಂದು ಗಟ್ಟಿ ಟ್ರೈಪಾಡ್, ಒಂದು ಬ್ಲೂಟೂತ್ ರಿಮೋಟ್ ತಗೊಂಡು ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ, ಮುಂದಿನದಕ್ಕಿಂತ ಸಾಮಾನ್ಯವಾಗಿ ಅದೇ ಚೆನ್ನಾಗಿರುತ್ತೆ. ಇನ್ನೂ ಸ್ವಲ್ಪ ಕೂಡಿಡಲು ಆಗುತ್ತೆ ಅಂದರೆ ಹಳೆಯದಾದರೂ ಹೆಸರಿರುವ ಕಂಪನಿಯದು ನೋಡಿ. ಕ್ಯಾನನ್ 200ಡಿ 2017ರದ್ದು, ಸ್ಕ್ರೀನ್ ಪೂರ್ತಿ ತಿರುಗುತ್ತೆ, ವೈಫೈ ಇದೆ, ಸ್ಕ್ರೀನಿನಲ್ಲಿ ನೋಡಿ ತೆಗೆಯುವಾಗಲೂ ಮುಖಕ್ಕೆ ಬೇಗ ಫೋಕಸ್ ಆಗುತ್ತೆ. 2013ರ 70ಡಿ ದಪ್ಪ, ಭಾರ, ಆದರೆ ಇದೇ ಮೂರೂ ಅದರಲ್ಲೂ ಇವೆ. ಸೋನಿ ಎ5100 ಚಿಕ್ಕದು, ಸ್ಕ್ರೀನ್ ಮೇಲಕ್ಕೆ ಮಗುಚಿ ನಿಮ್ಮ ಕಡೆಗೆ ತಿರುಗುತ್ತೆ. ಅಂಗಡಿಯಲ್ಲಿ ಕ್ಯಾನನ್ 1500ಡಿ ತೋರಿಸುತ್ತಾರೆ, ಕೆಟ್ಟ ಕ್ಯಾಮೆರಾ ಅಲ್ಲ, ಆದರೆ ಅದರ ಸ್ಕ್ರೀನ್ ತಿರುಗಲ್ಲ. ಕ್ಯಾನನ್ 700ಡಿ, ನಿಕಾನ್ ಡಿ5300 ಸ್ಕ್ರೀನ್ ತಿರುಗುತ್ತೆ, ಆದರೆ ಸ್ಕ್ರೀನಿನಲ್ಲಿ ನೋಡಿ ತೆಗೆಯುವಾಗ ಫೋಕಸ್ ನಿಧಾನ. 200ಡಿಯ ಸೆನ್ಸಾರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಚಿಕ್ಕ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವ ಸೆನ್ಸಾರಿಗಿಂತ ಇದರ ವಿಸ್ತೀರ್ಣ ಹನ್ನೊಂದು ಪಟ್ಟಿಗೂ ಜಾಸ್ತಿ. ಮಳೆಗಾಲದ ಮಬ್ಬಿನಲ್ಲಿ ಮಣಿ ಮಣಿಯಾಗಿ ಕಾಣುವುದು ಇದರಿಂದ, ಮೆಗಾಪಿಕ್ಸೆಲ್‌ನಿಂದ ಅಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಒಂದು ಕೆಲಸ ತಪ್ಪದೆ ಮಾಡಿ. ಮಳೆ, ತೇವ ಜಾಸ್ತಿ ಇರುವ ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆಯ ಕ್ಯಾಮೆರಾ ಆದರಂತೂ ಮಾಡಲೇಬೇಕು. ಲೆನ್ಸ್ ಬಿಚ್ಚಿಸಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಸ್ವಲ್ಪ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂಥ ಸಣ್ಣ ಬಿಳಿ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಮಾರುವವರು ಸ್ಟುಡಿಯೋದವರೇ ಆಗಿರಲಿ, ಪರಿಚಯದವರೇ ಆಗಿರಲಿ, ಅಲ್ಲೇ ಟೈಮರ್ ಹಾಕಿ ನಿಮ್ಮದೇ ಒಂದು ಫೋಟೋ ತೆಗೆದು ಕಣ್ಣಿನ ರೆಪ್ಪೆ ಬೇರೆಬೇರೆ ಕಾಣುತ್ತಾ ಅಂತ ನೋಡಿಯೇ ದುಡ್ಡು ಕೊಡಿ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ, ಬೀರುವಿನಲ್ಲಿ ಬಟ್ಟೆ ನಡುವೆ ಬೇಡ.

ಈಗಾಗಲೇ ಇಂಥ ಕ್ಯಾಮೆರಾ ತಗೊಂಡಿದ್ದರೆ ಸುಮ್ನೆ ಕೂರಬೇಡಿ. ಡಬ್ಬ ಬಿಸಾಡಬೇಡಿ. ಹೊರದೇಶದಿಂದ ತಂದ ವಸ್ತುವಾದರೆ ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು ಅನ್ನುವುದು ಇರಲೇಬೇಕು, ನನ್ನದರಲ್ಲಿ ವಿಳಾಸವೇ ಇರಲಿಲ್ಲ. ಡಬ್ಬದ ಫೋಟೋ, ಬಿಲ್, 12 ಮತ್ತು 48ರಲ್ಲಿ ತೆಗೆದ ಎರಡು ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ದೂರಿನಲ್ಲಿ "ಚೆನ್ನಾಗಿಲ್ಲ" ಅಂತ ಬರೆಸಬೇಡಿ, "ಬರೆದಿರುವುದು ಒಂದು, ಕೊಟ್ಟಿರುವುದು ಇನ್ನೊಂದು" ಅಂತ ಬರೆಸಿ. ನನಗೆ ದುಡ್ಡು ವಾಪಸ್ ಬಂದದ್ದು ಹಾಗೆ ಬರೆಸಿದ ಮೇಲೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಬದಲಿ ಕೇಳುವ ಗಡುವು ಮುಗಿಯುವುದರೊಳಗೆ ಇವತ್ತೇ ಶುರು ಮಾಡಿ.