ಹೂಳಿನ ಟ್ರಿಪ್ ಎಣಿಸುವ ನೌಕರಿಗೆ ಕರೆದರೆ, ಮೊದಲು ಪಗಾರ ಯಾರು ಕೊಡ್ತಾರ ಕೇಳ್ರಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕಲಬುರಗಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ: "ಹಳ್ಳದ ಹೂಳೆತ್ತುವ ಕೆಲಸಕ್ಕೆ ಸೈಟ್ ಮಾನಿಟರ್ ಬೇಕಾಗಿದ್ದಾರೆ. ಡಿಪ್ಲೊಮಾ ಸಿವಿಲ್. ಅನುಭವ ಬೇಡ. ತಕ್ಷಣ ಸೇರಬೇಕು." ಹೋದ ವರ್ಷ ನಾನು ಸೇರಿದ್ದೂ ಹೀಗೇ. ಈ ಸಲ ಹೊರಟಿರುವ ಹುಡುಗರು ಇದನ್ನು ಓದಿ ಆಮೇಲೆ ಹೋಗಿ.

ಕೆಲಸ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿದ್ದನ್ನು ನೋಡಿದವರಿಗೆ ನಾನು ಹೇಳಬೇಕಿಲ್ಲ. ನದಿ ತುಂಬಿದಾಗ ಹಳ್ಳದ ನೀರು ಹಿಂದಕ್ಕೆ ಒತ್ತುತ್ತದೆ. ಹಳ್ಳದಲ್ಲಿ ಹೂಳು, ಜಾಲಿಗಿಡ, ಫರ್ಶಿ ಕಲ್ಲಿನ ಚೂರು ತುಂಬಿಕೊಂಡಿದ್ದರೆ ಆ ನೀರು ನೇರ ಊರೊಳಗೆ.

ರಗಳೆ ಇರುವುದು ಎಣಿಕೆಯಲ್ಲಿ. ಪ್ರತಿ ಟಿಪ್ಪರ್ ಎಷ್ಟು ಹೂಳು ಹೊತ್ತೊಯ್ಯಿತು ಅಂತ ಮಾನಿಟರ್ ಚೀಟಿಗೆ ಸಹಿ ಹಾಕಬೇಕು, ಗುತ್ತಿಗೆದಾರನ ಬಿಲ್ ಏಳುವುದು ಆ ಚೀಟಿಗಳ ಮೇಲೆ. ನನ್ನನ್ನು ತೆಗೆದುಕೊಂಡ ಏಜೆನ್ಸಿ, ಕಾಗದದ ಮೇಲೆ, ಸ್ಥಳೀಯ ಸಂಸ್ಥೆಯ ಪರವಾಗಿ ನಿಗಾ ಇಡುವವರು. ಪಗಾರ ಬರುತ್ತಿದ್ದದ್ದು ಮಾತ್ರ ಹೂಳೆತ್ತುವ ಗುತ್ತಿಗೆದಾರನ ಮುನೀಮನ ಕೈಯಿಂದ. ಅಮೆರಿಕದಲ್ಲಿ ಚಂಡಮಾರುತದ ಕಸ ಎತ್ತಿಸಿ ಫೀಮಾ (ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ದುಡ್ಡು ಕೇಳುವ ಊರುಗಳು ಮೊದಲು ಪ್ರತಿ ಟ್ರಕ್ಕಿನ ಬಾಡಿ ಅಳೆಸುತ್ತವೆ. ಲೋಡ್ ಟಿಕೆಟ್ ಬರೆಯುವವರು ಕಸ ಎತ್ತುವವರಿಂದ ಬೇರೆಯವರೇ ಇರಬೇಕು. ನಮ್ಮಲ್ಲಿ ಚೀಟಿ ಪುಸ್ತಕವನ್ನೂ ಮುನೀಮನೇ ತಂದುಕೊಡುತ್ತಿದ್ದ.

ಒಂದು ದಿನ ಟೇಪ್ ಹಿಡಿದು ಟಿಪ್ಪರ್ ಬಾಡಿ ಅಳೆದೆ. ಉದ್ದ 4.2 ಮೀಟರ್, ಅಗಲ 2.1, ಎತ್ತರ 1. ಅಂದರೆ ಒಂಬತ್ತು ಘನ ಮೀಟರೂ ತುಂಬಲಿಲ್ಲ. ಚೀಟಿಯಲ್ಲಿ ಮೊದಲೇ ಅಚ್ಚಾಗಿದ್ದದ್ದು 14! ಅದರ ಮೇಲೆ ನಮ್ಮ ಎರೆಮಣ್ಣಿನ ಗುಣ ಗೊತ್ತಲ್ಲ. ಹಸಿ ರಾಡಿ ಬಾಡಿಯ ತಳಕ್ಕೆ, ಮೂಲೆಗಳಿಗೆ ಗಟ್ಟಿ ಮೆತ್ತಿಕೊಳ್ಳುತ್ತದೆ. ಜಾಕಿ ಎತ್ತಿ ಸುರಿದರೂ ಒಂದಷ್ಟು ಹಾಗೇ ಉಳಿದು ವಾಪಸ್ ಹಳ್ಳಕ್ಕೆ ಬರುತ್ತದೆ, ಮುಂದಿನ ಟ್ರಿಪ್‌ನಲ್ಲಿ ಮತ್ತೆ ಲೆಕ್ಕಕ್ಕೆ ಸೇರುತ್ತದೆ. ಒಂದೇ ಮಣ್ಣು ದಿನವಿಡೀ ಸವಾರಿ ಮಾಡಿ ಪ್ರತಿ ಸಲ ಬಿಲ್ ಎಬ್ಬಿಸುತ್ತದೆ.

ನಾನು ಚೀಟಿಯ ಮೇಲೆ "ಮುಕ್ಕಾಲು ಲೋಡ್" ಅಂತ ಬರೆಯತೊಡಗಿದೆ. ಮುನೀಮ ಬಂದು ಪಕ್ಕಕ್ಕೆ ಕರೆದ. "ತಮ್ಮಾ, ಸುಮ್ನ ಸೈನ್ ಹಾಕು. ನಿನ್ನ ಗಂಟೇನು ಹೋಗ್ತದ?" "ನನ್ನ ಹೆಸರು ಹೋಗ್ತದಲ್ರೀ ಅಣ್ಣಾರ" ಅಂದೆ. ಆ ತಿಂಗಳಿನಿಂದ ಪಗಾರ ನಿಂತಿತು. ಆಮೇಲೆ ತಪಾಸಣೆಗೆ ಬಂದವರು ತೋರಿಸಿದ ಪುಸ್ತಕದಲ್ಲಿ ಎಲ್ಲ ಚೀಟಿಯೂ ಫುಲ್ ಲೋಡ್, ಕೆಳಗೆ ನನ್ನ ಹೆಸರು, ಯಾರದೋ ಕೈಬರಹ. ದಿನಾ ಸಂಜೆ ಅಸಲಿ ಚೀಟಿಗಳನ್ನು ತಾರೀಖು, ಜಾಗ ಬೀಳುವ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆದಿಟ್ಟಿದ್ದೆ. ಬಚಾವಾದದ್ದು ಅದರಿಂದಲೇ.

ಹಾಗಾಗಿ ಸೇರುವ ಮುಂಚೆ ಜೆಇ (ಜೂನಿಯರ್ ಇಂಜಿನಿಯರ್) ಸಾಹೇಬರನ್ನು ಕೇಳಿ: ಅಗೆಯುವ ಮೊದಲು ಹಳ್ಳದ ಲೆವೆಲ್, ಅಂದರೆ ತಳದ ಎತ್ತರದ ಅಳತೆ, ತೆಗೆದಿದ್ದಾರಾ? ಅದು ಎಂ.ಬಿ.ಯಲ್ಲಿ (ಕಾಮಗಾರಿಯ ಅಳತೆ ಪುಸ್ತಕ) ಏರಿದೆಯಾ? ಅಗೆದ ಮಣ್ಣು ಸಡಿಲಾಗಿ ಉಬ್ಬುವುದರಿಂದ ಟಿಪ್ಪರ್ ಲೆಕ್ಕ ಯಾವತ್ತೂ ನೆಲದ ಲೆಕ್ಕಕ್ಕಿಂತ ಜಾಸ್ತಿಯೇ ಬರುತ್ತದೆ. ಮೊದಲಿನ ಲೆವೆಲ್ಲೇ ಇಲ್ಲದಿದ್ದರೆ ಕೊನೆಗೆ ಉಳಿಯುವ ಪುರಾವೆ ನಿಮ್ಮ ಸಹಿ ಒಂದೇ. ಅಂಥ ಸೈಟಿಗೆ ಹೋಗಲೇಬೇಡಿ, ಎಷ್ಟೇ ಪಗಾರ ಅನ್ನಲಿ.

ಹಳ್ಳದ ದಂಡೆಯ ಊರಿನವರೂ ಸುಮ್ಮನೆ ಕೂಡಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಎಂ.ಬಿ. ನಕಲು, ಟ್ರಿಪ್ ಚೀಟಿ, ಹೂಳು ಸುರಿದ ಜಾಗದ ವಿವರ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನೇ ಹೋಗಿ ಪರಿಶೀಲಿಸುವ ಹಕ್ಕೂ ಇದೆ. ಮಳೆ ಬಂದು ಹಳ್ಳ ಹರಿಯುವ ಮೊದಲೇ ಅರ್ಜಿ ಹಾಕಿ. ನೀರು ಬಂದಮೇಲೆ "ತೆಗೆದಿದ್ವಿ, ಮತ್ತೆ ತುಂಬಿತು" ಅನ್ನುತ್ತಾರೆ, ಇಲ್ಲ ಅನ್ನಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ನನ್ನ ಪಗಾರ ಇನ್ನೂ ಬಂದಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ. ಅಲ್ಲಿ ಮೊದಲು ಕೇಳಿದ್ದು ನೇಮಕಾತಿ ಪತ್ರ. ಏಜೆನ್ಸಿಯವರು ಅದನ್ನು ಕೊನೆಯವರೆಗೂ "ನಾಳೆ ಕೊಡ್ತೀವಿ" ಅಂತಲೇ ದೂಡಿದ್ದರು. ನೀವು ಅದು ಕೈಗೆ ಬರುವ ತನಕ ಸೈಟಿಗೆ ಕಾಲಿಡಬೇಡಿ.