ಕ್ಯಾಲೆಂಡರ್, ಟೈಮರ್, ಚೀಟಿ, ಚಾ, ಗೆಳತಿ: ಒಬ್ಬಳೇ ದುಡಿಯುವವಳ ಹೋಲಿಕೆ

ನನ್ನ ಕೆಲಸದಲ್ಲಿ ಮೂರು ಭಾಗ ಇದೆ. ಒಂದು, ಪ್ರೆಸ್ ಮುಂದೆ ನಿಂತು ತಟ್ಟೆ ಒತ್ತುವುದು. ಎರಡು, ಲೆಕ್ಕ. ಮೂರು, ಫೋನ್. ಮೊದಲನೆಯದನ್ನು ಯಾರೂ ಹೇಳದೆ ಮಾಡುತ್ತೇನೆ. ಎರಡನೆಯದನ್ನು ಆಕಳಿಸುತ್ತಾ ಮಾಡುತ್ತೇನೆ. ಮೂರನೆಯದರ ಹೊತ್ತು ಬಂದರೆ ಮಾತ್ರ ಕೊಟ್ಟಿಗೆ ಗುಡಿಸದೆ ಎಷ್ಟು ದಿನ ಆಯಿತಲ್ಲ ಅಂತ ನೆನಪಾಗುತ್ತದೆ.

ಸಾಗರದ ಹತ್ತಿರದ ಹಳ್ಳಿ ನಮ್ಮದು. ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿ 2023ರಲ್ಲಿ ಊರಿಗೆ ಬಂದೆ. ದನ ಇಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಮೆಷಿನ್ ಕೂರಿಸಿದೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. 2022ರ ಜುಲೈನಿಂದ ದೇಶಕ್ಕೆಲ್ಲ ನಿಷೇಧ ಬಂತು. ಹಾಗಾಗಿ ಬೇಡಿಕೆ ಇದ್ದೇ ಇರುತ್ತದೆ ಅಂದುಕೊಂಡೆ. ಬೇಡಿಕೆ ಇತ್ತು. ಆದರೆ ಅದಕ್ಕೆ ನಮ್ಮ ಮನೆ ದಾರಿ ಗೊತ್ತಿರಲಿಲ್ಲ. ಅಡುಗೆ ಭಟ್ಟರಿಗೆ, ಕೇಟರಿಂಗ್‌ನವರಿಗೆ, ಅಂಗಡಿಯವರಿಗೆ ನಾನೇ ಫೋನ್ ಮಾಡಿ ಹೇಳಬೇಕಿತ್ತು. ಕೊಟ್ಟ ಮಾಲಿನ ದುಡ್ಡನ್ನೂ ನಾನೇ ಕೇಳಬೇಕಿತ್ತು.

ಆಫೀಸಿನಲ್ಲಿದ್ದಾಗ ನಾನು ಬಹಳ ಶಿಸ್ತಿನವಳು ಅಂತ ಹೆಸರು. ಆ ಶಿಸ್ತು ನನ್ನದಲ್ಲ, ಮ್ಯಾನೇಜರದ್ದು ಅಂತ ಊರಿಗೆ ಬಂದ ಎರಡೇ ತಿಂಗಳಲ್ಲಿ ಗೊತ್ತಾಯಿತು.

2024ರ ಫೆಬ್ರವರಿಯಿಂದ ಒಂದೊಂದೇ ಉಪಾಯ ಹಿಡಿದು ನೋಡಿದೆ. ಪ್ರತಿಯೊಂದಕ್ಕೂ ನಾಲ್ಕು ವಾರದ ಹತ್ತಿರ ಹತ್ತಿರ ಸಮಯ ಕೊಟ್ಟೆ. ಎಷ್ಟು ತಟ್ಟೆ ಒತ್ತಿದೆ ಅಂತ ಅಳೆಯಲಿಲ್ಲ. ಅದು ಹೇಗೂ ಆಗುತ್ತದೆ. ವಾರಕ್ಕೆ ಎಷ್ಟು ಫೋನ್ ಮಾಡಿದೆ ಅಂತ ಮಾತ್ರ ಬರೆದಿಟ್ಟೆ. ಲೆಕ್ಕಕ್ಕೆ ಬರುವುದು ಎರಡೇ ಬಗೆಯ ಫೋನ್: ಹೊಸ ಗಿರಾಕಿಗೆ ಮಾಡಿದ್ದು, ಬಾಕಿ ಕೇಳಿ ಮಾಡಿದ್ದು. ಅಕ್ಕನ ಜೊತೆ ಮಾತಾಡಿದ್ದು ಲೆಕ್ಕಕ್ಕಿಲ್ಲ. ಇದೆಲ್ಲ ಶುರು ಮಾಡುವ ಮೊದಲು ವಾರಕ್ಕೆ ಮೂರೋ ನಾಲ್ಕೋ ಆಗುತ್ತಿತ್ತು.

ಮೊದಲು ಕ್ಯಾಲೆಂಡರ್. ಅಂದುಕೊಂಡ ಕೆಲಸ ಮಾಡಿದ ದಿನ ಕೆಂಪು ಪೆನ್ನಿನಲ್ಲಿ ಒಂದು ಇಂಟು ಹಾಕಬೇಕು, ಇಂಟುಗಳ ಸಾಲು ತುಂಡಾಗಬಾರದು. ಅಷ್ಟೇ ನಿಯಮ. ಇದು ಅಮೆರಿಕದ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಅವರ ಗುಟ್ಟು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ತನ್ನ ಐಡಿಯಾ ಅಲ್ಲ ಅಂತ ಅವರೇ 2014ರಲ್ಲಿ ಹೇಳಿದ್ದಾರೆ. ಯಾರದ್ದಾದರೂ ಆಗಲಿ, ನಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಇವುಗಳ ನಡುವೆ ನನ್ನ ಇಂಟೂ ಸೇರಿತು.

ಮೊದಲ ವಾರ ಹನ್ನೆರಡು ಫೋನ್. ಖುಷಿಯೋ ಖುಷಿ. ಎರಡನೇ ವಾರವೂ ಪರವಾಗಿಲ್ಲ. ಮೂರನೇ ವಾರ ಕಳ್ಳಾಟ ಶುರುವಾಯಿತು. ದಿನಕ್ಕೆ ಒಂದು ಫೋನ್ ಮಾಡಿದರೂ ಇಂಟು ಹಾಕಬಹುದಲ್ಲ? ಹಾಗಾಗಿ ಯಾವಾಗಲೂ ನಗುತ್ತಾ ಮಾತಾಡುವ, ಯಾವಾಗಲೂ ಒಂದು ಕಟ್ಟು ತೆಗೆದುಕೊಳ್ಳುವ ಒಬ್ಬರೇ ಕಿರಾಣಿ ಅಂಗಡಿಯವರಿಗೆ ಫೋನ್ ಮಾಡಿ ಇಂಟು ಹಾಕುತ್ತಿದ್ದೆ. ಸಾಲು ಚೆನ್ನಾಗಿ ಬೆಳೆಯಿತು. ವ್ಯಾಪಾರ ಇದ್ದಲ್ಲೇ ಇತ್ತು. ನಾಲ್ಕನೇ ವಾರ ನಂಟರ ಮನೆಯ ಉಪನಯನ ಬಂದು ಎರಡು ದಿನ ತಪ್ಪಿತು. ಸಾಲು ತುಂಡಾದ ಮೇಲೆ ಮತ್ತೆ ಶುರು ಮಾಡಲು ಮನಸ್ಸೇ ಬರಲಿಲ್ಲ.

ಆಮೇಲೆ ಓದಿದ್ದು: ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರು 96 ಜನರನ್ನು ಹನ್ನೆರಡು ವಾರ ಗಮನಿಸಿದ್ದರು. ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕು ಅಂತ ಅವರ ಅಂದಾಜು. ಆದರೆ ಅದು ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ. ಎಲ್ಲರೂ ಹೇಳುವ 21 ದಿನದ ಮಾತು ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಕಡೆಯಿಂದ. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಎಂದರೂ ಅಷ್ಟು ದಿನ ಹಿಡಿಯುತ್ತದೆ ಅಂತ ಅವರು ಬರೆದಿದ್ದರು. ಮೂಗಿನ ಮಾತು ಹೇಗೋ ಅಭ್ಯಾಸದ ಮಾತಾಗಿದೆ. ಇದು ಮೊದಲೇ ಗೊತ್ತಿದ್ದರೆ ಉಪನಯನದ ಮರುದಿನ ಅಷ್ಟು ಪೆಚ್ಚಾಗುತ್ತಿರಲಿಲ್ಲ.

ಎರಡನೆಯದು ಟೈಮರ್, ಅಂದರೆ ಪೊಮೊಡೊರೊ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದುತ್ತಿದ್ದ. ಪೊಮೊಡೊರೊ ಅಂದರೆ ಆ ಭಾಷೆಯಲ್ಲಿ ಟೊಮೆಟೊ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ನಾನೂ ಪೇಟೆಯಿಂದ ಒಂದು ಟೈಮರ್ ತಂದೆ.

ಪ್ರೆಸ್ ಕೆಲಸಕ್ಕೆ ಇದು ಸುಮ್ನೆ ತಮಾಷೆ. ಹಾಳೆ ತೊಳೆದು, ನೆನೆಸಿ, ನೀರು ಸೋರಿಸಿ ಇಟ್ಟಿರುತ್ತೇನೆ. ಡೈ, ಅಂದರೆ ತಟ್ಟೆ ಒತ್ತುವ ಅಚ್ಚು, ಕಾದಿರುತ್ತದೆ. ಕರೆಂಟ್ ಇರುತ್ತದೆ. ಈ ಮೂರೂ ಒಟ್ಟಿಗೆ ಕೂಡಿ ಬರುವುದೇ ಕಷ್ಟ, ಅಂಥ ಹೊತ್ತಲ್ಲಿ ಟೊಮೆಟೊ ಟ್ರಿಣ್ ಅಂದಿತು ಅಂತ ಎದ್ದು ಹೋದರೆ ಕಾದ ಡೈ ಸುಮ್ಮನೆ ಕರೆಂಟ್ ತಿನ್ನುತ್ತದೆ. ಅಲ್ಲಿ ವಿರಾಮ ಯಾವಾಗ ಅಂತ ಹೇಳುವುದು ಲೈನ್‌ಮನ್.

ಆದರೆ ಲೆಕ್ಕಕ್ಕೆ ಟೈಮರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಲ್ಲು ಬರೆಯುವುದು, ಹಾಳೆ ತಂದು ಕೊಟ್ಟವರ ಹೆಸರಿಗೆ ದುಡ್ಡು ಬರೆಯುವುದು, ಸ್ಟಾಕ್ ಎಣಿಸುವುದು. ಮೊದಲು ತಿಂಗಳ ಕೊನೆಗೆ ಇಡೀ ಭಾನುವಾರ ತಿನ್ನುತ್ತಿದ್ದ ಕೆಲಸ ದಿನಕ್ಕೆ ಒಂದು ಟೊಮೆಟೊದಲ್ಲಿ ಮುಗಿಯತೊಡಗಿತು. ಇವತ್ತಿಗೂ ಹಾಗೇ ಮಾಡುತ್ತೇನೆ. ಫೋನಿನ ವಿಷಯಕ್ಕೆ ಬಂದರೆ ಫಲ ಸೊನ್ನೆ. 25 ನಿಮಿಷದಲ್ಲಿ 20 ನಿಮಿಷ ನಂಬರ್ ಹುಡುಕುತ್ತೇನೆ, ಏನು ಹೇಳಬೇಕು ಅಂತ ಚೀಟಿಯಲ್ಲಿ ಬರೆಯುತ್ತೇನೆ, ಆ ಚೀಟಿಯನ್ನು ಚಂದದ ಅಕ್ಷರದಲ್ಲಿ ಇನ್ನೊಮ್ಮೆ ಬರೆಯುತ್ತೇನೆ. ವಾರಕ್ಕೆ ಆರು ಫೋನ್.

ಫೋನಿನೊಳಗಿನ ಅಭ್ಯಾಸದ ಆ್ಯಪ್ ಒಂದನ್ನೂ ಹತ್ತು ದಿನ ನೋಡಿದೆ. ಅಂಕ ಕೊಡುತ್ತದೆ, ಚಪ್ಪಾಳೆ ತಟ್ಟುತ್ತದೆ. ಅದನ್ನು ತೆರೆಯಲು ಹೋದರೆ ವಾಟ್ಸ್ಆ್ಯಪ್ ಕಾಣುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಮೂರನೆಯದು ಚೀಟಿ. ರಾತ್ರಿ ಮಲಗುವ ಮೊದಲು ನಾಳೆಯ ಆರು ಕೆಲಸ ಮುಖ್ಯವಾದದ್ದು ಮೊದಲು ಬರುವಂತೆ ಬರೆಯಬೇಕು. ಬೆಳಿಗ್ಗೆ ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕಬಾರದು. 1918ರಲ್ಲಿ ಐವಿ ಲೀ ಎಂಬಾತ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಚಾರ್ಲ್ಸ್ ಶ್ವಾಬ್‌ಗೆ ಇದನ್ನು ಹೇಳಿಕೊಟ್ಟನಂತೆ, ಶ್ವಾಬ್ ಖುಷಿಯಾಗಿ 25,000 ಡಾಲರಿನ ಚೆಕ್ ಕೊಟ್ಟನಂತೆ. ಕಥೆ ಚೆನ್ನಾಗಿದೆ.

ಮೊದಲು ಕಳ್ಳಬುದ್ಧಿಯಿಂದ ಫೋನನ್ನು ಆರನೇ ಸಾಲಿಗೆ ಹಾಕಿದೆ. ಅದು ಅಲ್ಲಿಂದ ಮೇಲೆ ಬರಲೇ ಇಲ್ಲ. ಆಮೇಲೆ ಹಲ್ಲು ಕಚ್ಚಿ ಒಂದನೇ ಸಾಲಿಗೆ ತಂದೆ. ಬೆಳಿಗ್ಗೆ ಒಂಬತ್ತಕ್ಕೆ ಕೂತೆ. ಯಾರೂ ಫೋನ್ ಎತ್ತಲಿಲ್ಲ. ಹತ್ತಕ್ಕೂ ಎತ್ತಲಿಲ್ಲ. ಏಪ್ರಿಲ್, ಮೇ ತಿಂಗಳ ಬೆಳಿಗ್ಗೆ ಅಡುಗೆ ಭಟ್ಟರು ಎಲ್ಲಿರುತ್ತಾರೆ? ಛತ್ರದಲ್ಲಿ, ಹುಳಿ ಕೊಳಗದ ಮುಂದೆ. ಊಟದ ಪಂಕ್ತಿ ಎಲ್ಲ ಮುಗಿದು, ಅವರು ತಾವೂ ಉಂಡು, ಎಲೆ ಅಡಿಕೆ ಹಾಕಿಕೊಂಡು ಕೂರುವುದು ಮೂರೂವರೆ ಮೇಲೆ. ಮೊದಲನೆಯದು ಮುಗಿಯದೆ ಎರಡನೆಯದಿಲ್ಲ ಅಂತ ನಿಯಮ ಹಿಡಿದು ಎರಡು ದಿನ ಹಾಳೆ ನೆನೆಸದೆ ಕೂತಿದ್ದೆ. ಅತ್ತೆ ಬಂದು, "ಏನೇ, ಹುಷಾರಿಲ್ವನೇ?" ಅಂತ ಕೇಳಿದರು. ಉಕ್ಕಿನ ಕಾರ್ಖಾನೆಯ ಯಜಮಾನ ಕರೆದರೆ ಜನ ಓಡಿ ಬರುತ್ತಿದ್ದರೇನೋ. ನನ್ನ ಕೆಲಸದ ಅರ್ಧ ಭಾಗ ಬೇರೆಯವರ ಪುರುಸೊತ್ತಿನ ಮೇಲೆ ನಿಂತಿದೆ. ಅಂಥವರಿಗೆ ಈ ಚೀಟಿ ಒಗ್ಗುವುದಿಲ್ಲ.

ಆದರೆ ಮೂರೂವರೆ ಗಂಟೆಯ ಗುಟ್ಟು ಸಿಕ್ಕಿದ್ದು ಅದರಿಂದಲೇ. ನಾಲ್ಕನೇ ಉಪಾಯಕ್ಕೆ ಅದೇ ಬುನಾದಿ.

ಪೀಟರ್ ಗೋಲ್ವಿಟ್ಜರ್ ಎಂಬ ಮನಃಶಾಸ್ತ್ರಜ್ಞ 1990ರ ದಶಕದಿಂದ ಹೇಳುತ್ತಾ ಬಂದ ಮಾತು ಸರಳವಾಗಿದೆ. "ಈ ಕೆಲಸ ಮಾಡುತ್ತೇನೆ" ಅಂದುಕೊಂಡರೆ ಸಾಲದು. "ಇಂಥದ್ದು ಆದ ಕೂಡಲೇ, ಇಂಥ ಜಾಗದಲ್ಲಿ, ಇದನ್ನು ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿಡಬೇಕು. ನಮ್ಮ ಮನೆಯಲ್ಲಿ ನಾಲ್ಕು ಗಂಟೆಯ ಚಾ ತಪ್ಪುವುದಿಲ್ಲ. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಅಂಗಳದಾಚೆಯ ತೆಂಗಿನ ಮರದ ಹತ್ತಿರ. ಹಾಗಾಗಿ ನನ್ನ ಗಂಟು ಹೀಗೆ: ಚಾ ಲೋಟ ಕೈಗೆ ಬಂದ ಕೂಡಲೇ ತೆಂಗಿನ ಮರದ ಬುಡಕ್ಕೆ ಹೋಗುವುದು, ಲೋಟ ಖಾಲಿ ಆಗುವುದರೊಳಗೆ ಮೊದಲ ನಂಬರ್ ಒತ್ತುವುದು.

ಇದು ನಿಜಕ್ಕೂ ಕೆಲಸ ಮಾಡಿತು. ಮೇ ತಿಂಗಳಲ್ಲಿ ವಾರಕ್ಕೆ ಹದಿನಾಲ್ಕು, ಹದಿನೈದು ಫೋನ್. ಮನಸ್ಸು ಬರಲಿ ಅಂತ ಕಾಯುವ ಪ್ರಶ್ನೆಯೇ ಇರಲಿಲ್ಲ, ಕಾಲು ತಾನಾಗಿ ಹೋಗುತ್ತಿತ್ತು. ಮುಗಿಯಿತು, ಉತ್ತರ ಸಿಕ್ಕಿತು ಅಂದುಕೊಂಡೆ.

ಆಮೇಲೆ ಮಳೆ ಹಿಡಿಯಿತು. ಸಾಗರದ ಜೂನ್ ಕೊನೆಯ ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಾ, ಫೋನ್ ಯಾವ ಕೈಯಲ್ಲಿ? ಲೋಟ ಹಿಡಿದು ಜಗಲಿಯಲ್ಲೇ ಕೂತೆ. ಜಾಗ ತಪ್ಪಿತು, ಗಂಟು ಬಿಚ್ಚಿತು. ಅದರ ಮೇಲೆ ಜುಲೈಯಲ್ಲಿ ಆಷಾಢ ಬಂತು. ಮದುವೆ ಇಲ್ಲ, ಮುಂಜಿ ಇಲ್ಲ, ಆರ್ಡರ್ ಇಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಹಾಳೆಗೆ ತೇವ ತಾಗಿ ಬೂಸ್ಟು ಹಿಡಿಯುತ್ತದೋ ಅಂತ ದಿನಾ ಮೂಸಿ ನೋಡುವುದೇ ಕೆಲಸ. ಬೆಂಗಳೂರಿಗೆ ವಾಪಸ್ ಹೋಗೋಣವಾ ಅಂತ ಅನ್ನಿಸಿದ್ದು ಆ ತಿಂಗಳಲ್ಲೇ.

ಐದನೆಯದನ್ನು ನಾನು ಹುಡುಕಿದ್ದಲ್ಲ. ಸಿರ್ಸಿ ಕಡೆ ನನ್ನ ಕಾಲೇಜಿನ ಗೆಳತಿ ಒಬ್ಬಳು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಅವಳದೂ ಒಬ್ಬಳದೇ ದುಡಿಮೆ. ಒಂದು ರಾತ್ರಿ ಅವಳ ಹತ್ತಿರ ಗೋಳು ಹೇಳಿಕೊಂಡೆ. ಅವಳು ಸಮಾಧಾನ ಮಾಡಲಿಲ್ಲ. "ನಾಳೆ ಎಷ್ಟು ಜನಕ್ಕೆ ಫೋನ್ ಮಾಡ್ತೀಯ, ಸಂಖ್ಯೆ ಹೇಳು ಮಾರಾಯ್ತಿ" ಅಂದಳು. ನಾಲ್ಕು ಅಂದೆ. ಮರುದಿನ ರಾತ್ರಿ ಒಂಬತ್ತೂವರೆಗೆ ಅವಳ ಫೋನ್ ಬಂತು. "ಎಷ್ಟಾಯ್ತು?"

ಅಷ್ಟೇ. ಮಾತು ಎರಡು ನಿಮಿಷ. ಅವಳದೊಂದು ಸಂಖ್ಯೆ, ನನ್ನದೊಂದು ಸಂಖ್ಯೆ. ಅವಳಿಗೆ ಕೊರಿಯರ್ ಪ್ಯಾಕ್ ಮಾಡುವುದು ಬೇಜಾರು, ನನಗೆ ಫೋನ್. ಒಂದು ರಾತ್ರಿ ಸುಳ್ಳು ಹೇಳಿದೆ. ಮಾಡಿದ್ದು ಎರಡು, ಹೇಳಿದ್ದು ನಾಲ್ಕು. ಗೋಡೆಯ ಮೇಲೆ ಸುಳ್ಳು ಇಂಟು ಹಾಕಿದ್ದಾಗ ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ಆರು ಮಾಡಿ ಸರಿ ಮಾಡಿದೆ.

ಆಷಾಢದ ಆ ನಾಲ್ಕು ವಾರದಲ್ಲಿ ವಾರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಆಗಲಿಲ್ಲ. ಮಳೆ? ಮಳೆ ಇತ್ತು. ತೆಂಗಿನ ಮರದ ಹತ್ತಿರ ಬಿಟ್ಟರೆ ನೆಟ್‌ವರ್ಕ್ ಸಿಗುವುದಿಲ್ಲ ಅಂತ ಅಲ್ಲಿಯವರೆಗೆ ನಂಬಿದ್ದೆ. ಅಟ್ಟದ ಕಿಟಕಿಯ ಹತ್ತಿರವೂ ಸಿಗುತ್ತದೆ ಅಂತ ಆಗ ಗೊತ್ತಾಯಿತು. ರಾತ್ರಿ ಯಾರೋ ಕೇಳುತ್ತಾರೆ ಅಂತ ಇದ್ದರೆ ಮನುಷ್ಯ ಅಟ್ಟವನ್ನೂ ಹತ್ತುತ್ತಾನೆ.

ಅಮ್ಮನಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000ರಲ್ಲಿ. ಅಮ್ಮ ಆಗಿನಿಂದ ಸಂಘದಲ್ಲಿದ್ದಾಳೆ. ವಾರಕ್ಕೊಮ್ಮೆ ಹದಿನೈದು ಹೆಂಗಸರ ನಡುವೆ ಕೂತು ಉಳಿತಾಯದ ದುಡ್ಡು ಇಡಬೇಕು. "ಮನೆ ಡಬ್ಬಿಯಲ್ಲಿ ಇಟ್ಟಿದ್ರೆ ಒಂದು ರೂಪಾಯಿ ಉಳೀತಿರ್ಲಿಲ್ಲ" ಅಂದಳು.

ಈ ಹೋಲಿಕೆ ಸರಿಯಾದ ತಕ್ಕಡಿಯಲ್ಲಿ ಆಗಿಲ್ಲ, ಅದನ್ನೂ ಹೇಳಬೇಕು. ಕ್ಯಾಲೆಂಡರನ್ನು ಏನೂ ರೂಢಿ ಇಲ್ಲದ ಕಾಲದಲ್ಲಿ ಹಿಡಿದಿದ್ದೆ. ಗೆಳತಿಯ ಸರದಿ ಬರುವ ಹೊತ್ತಿಗೆ ಐದು ತಿಂಗಳ ಫೋನ್ ಅನುಭವ ಇತ್ತು. ಆಷಾಢದಲ್ಲಿ ಆರ್ಡರ್ ಇರುವುದಿಲ್ಲ ನಿಜ, ಆದರೆ ಕೇಟರಿಂಗ್‌ನವರಿಗೆ ಬಿಡುವು ಇರುತ್ತದೆ. ಎತ್ತುತ್ತಾರೆ, ಮಾತಾಡುತ್ತಾರೆ, ಶ್ರಾವಣಕ್ಕೆ ಏನು ಬೇಕು ಅಂತಲೂ ಹೇಳುತ್ತಾರೆ. ಅದಕ್ಕೇ ಕಾರ್ತಿಕದ ಮದುವೆ ಗಡಿಬಿಡಿಯಲ್ಲಿ, ನವೆಂಬರಿನಲ್ಲಿ, ಬೇಕಂತಲೇ ಗೆಳತಿಗೆ ರಜೆ ಕೊಟ್ಟು ಮತ್ತೆ ಕೆಂಪು ಪೆನ್ನು ಹಿಡಿದೆ. ವಾರಕ್ಕೆ ಒಂಬತ್ತು, ಎಂಟು, ಏಳು. ಮೂರನೇ ವಾರಕ್ಕೆ ಪೆನ್ನು ಇಟ್ಟು ಅವಳಿಗೇ ಫೋನ್ ಮಾಡಿದೆ.

ಈಗ ನನ್ನ ಮಟ್ಟಿಗೆ ಹೀಗಿದೆ. ಲೆಕ್ಕಕ್ಕೆ ಟೈಮರ್. ಮಳೆಯಿಲ್ಲದ ತಿಂಗಳಲ್ಲಿ ಫೋನಿಗೆ ನಾಲ್ಕು ಗಂಟೆಯ ಚಾ. ಹನ್ನೆರಡು ತಿಂಗಳೂ ರಾತ್ರಿ ಒಂಬತ್ತೂವರೆಯ ಗೆಳತಿ. ಒಂದೇ ಒಂದನ್ನು ಆರಿಸು ಅಂದರೆ ಗೆಳತಿ. ಮೂರು ಕೆಲಸಕ್ಕೂ ಒಂದೇ ಉಪಾಯ ಹುಡುಕಿದ್ದೇ ನನ್ನ ಮೊದಲ ತಪ್ಪು ಅಂತ ಈಗ ಅನ್ನಿಸುತ್ತದೆ. ಇಷ್ಟದ ಕೆಲಸಕ್ಕೆ ಯಾವುದೂ ಬೇಡ. ಬೇಸರದ ಕೆಲಸಕ್ಕೆ ಗಡಿಯಾರ ಸಾಕು. ಹೆದರಿಕೆಯ ಕೆಲಸಕ್ಕೆ ಮಾತ್ರ ಎದುರಿಗೆ ಒಂದು ದನಿ ಬೇಕು.

ಹನ್ನೆರಡು ತಿಂಗಳು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅಪ್ಪೆಮಿಡಿಯ ಕಾಲ ಬಂದರೆ ಅವಳು ಮನುಷ್ಯರ ಲೋಕದಲ್ಲಿ ಇರುವುದಿಲ್ಲ. ಮಿಡಿ ಮರದಿಂದ ಇಳಿದ ಮೇಲೆ ಕಾಯುವುದಿಲ್ಲ, ತೊಳೆದು ಉಪ್ಪಿಗೆ ಹಾಕಲೇಬೇಕು. 2025ರಲ್ಲಿ ಮಾರ್ಚ್ ಹೊತ್ತಿಗೆ ಮೂರು ವಾರ ಅವಳ ಫೋನ್ ಬರಲಿಲ್ಲ. ನನ್ನ ಸಂಖ್ಯೆ ವಾರಕ್ಕೆ ಏಳಕ್ಕೆ ಇಳಿಯಿತು. ಗಂಡನನ್ನು ಆ ಜಾಗಕ್ಕೆ ಕೂರಿಸಿ ನೋಡಿದೆ. "ಎರಡು ಮಾಡಿದ್ಯಲ್ಲ, ಸಾಕು ಬಿಡು, ಸುಸ್ತಾಗಿದೀಯ" ಅಂದರು. ಒಳ್ಳೆಯ ಮನುಷ್ಯ. ಈ ಕೆಲಸಕ್ಕೆ ಆಗುವುದಿಲ್ಲ.

ಈಗ ಅಮ್ಮನ ಸಂಘದ ಲೆಕ್ಕ ಬರೆಯುವ ಒಬ್ಬ ಅಕ್ಕನನ್ನು ಕೇಳಿದ್ದೇನೆ. ಅವರು ಇನ್ನೂ ಹ್ಞೂಂ ಅಂದಿಲ್ಲ. "ನಿಂಗೆ ಯಾರದ್ದಾದ್ರೂ ಬಾಕಿ ಇದ್ಯಾ?" ಅಂತ ಮಾತ್ರ ಕೇಳಿದರು. ಇದೆ, ಒಬ್ಬರಿಂದ ಹದಿನಾಲ್ಕು ಸಾವಿರ ಬರಬೇಕು ಅಂದೆ. "ಸರಿ, ಮೊದ್ಲು ಅದನ್ನ ಕೇಳಿ ಬಾ" ಅಂದರು.