ಎಚಿಂಗಾ, ಡ್ರೈಪಾಯಿಂಟಾ? ಮನೆ ಸಾಮಾನಿನ ಚಿತ್ರ ಕೊರೆಯುವವರಿಗೆ

ಕಾಚಂಪುಳಿ (ಕೊಡಗಿನ ಹುಳಿರಸ) ಬಾಟ್ಲಿ, ಕಂಚಿನ ಚೊಂಬು, ಪೀಚೆಕತ್ತಿ (ಕೊಡವರ ಸೊಂಟದ ಕತ್ತಿ). ಇವನ್ನು ಮೇಜಿನ ಮೇಲಿಟ್ಟು, ನೋಡಿ ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಶಾಯಿ ತುಂಬಿ, ಪ್ರೆಸ್ಸಿನಲ್ಲಿ ಕಾಗದಕ್ಕೆ ಒತ್ತಿ ಪ್ರಿಂಟ್ ಮಾಡಬೇಕು ಅಂತಿದ್ದರೆ ದಾರಿ ಎರಡು: ಡ್ರೈಪಾಯಿಂಟ್, ಎಚಿಂಗ್. ಯಾವುದು ಅಂತ ತೀರ್ಮಾನಿಸಲು ಮೊದಲು ಸಾಮಾನಿನ ಮೈ ನೋಡಿ.

ಡ್ರೈಪಾಯಿಂಟ್‌ನಲ್ಲಿ ಸೂಜಿಯಿಂದ ನೇರವಾಗಿ ತಗಡನ್ನೇ ಗೀರುತ್ತೀರಿ. ಗೀರಿನ ಅಂಚಲ್ಲಿ ಎದ್ದ ಲೋಹದ ಸಿಪ್ಪೆ ಶಾಯಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಗೆರೆ ಮಖಮಲ್ಲಿನ ಹಾಗೆ ಮೆತ್ತಗೆ, ಕಪ್ಪಗೆ ಬರುತ್ತದೆ. ಹೊಗೆ ಹಿಡಿದ ಮಣ್ಣಿನ ಪಾತ್ರೆಗೆ ಇದೇ ಸರಿ. ಆದರೆ ಪ್ರೆಸ್ಸಿನ ಒತ್ತಡಕ್ಕೆ ಆ ಸಿಪ್ಪೆ ಬೇಗ ಸವೆಯುತ್ತದೆ. ಜಾಸ್ತಿ ಪ್ರತಿ ಸಿಗಲ್ಲ.

ಎಚಿಂಗ್‌ನಲ್ಲಿ ತಗಡಿಗೆ ಮೇಣದ ಲೇಪ ಬಳಿದು, ಅದರ ಮೇಲೆ ಗೀಚಿ (ಕೈ ಸಲೀಸಾಗಿ ಓಡುತ್ತದೆ), ಆಮೇಲೆ ಆಸಿಡ್ ಅಥವಾ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸುತ್ತೀರಿ. ಮೇಣ ಹೋದ ಗೆರೆಯಲ್ಲಿ ಮಾತ್ರ ಅದು ಲೋಹವನ್ನು ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳ. ಬಾಟ್ಲಿಯ ಗಾಜು, ಚೊಂಬಿನ ಹೊಳಪು ಇದರಲ್ಲೇ ಚೆನ್ನ. ಇಟಲಿಯ ಬೊಲೋನಾದ ಕಲಾವಿದ ಜಾರ್ಜಿಯೊ ಮೊರಾಂಡಿ ಅಡ್ಡ-ಉದ್ದ ಗೆರೆ ಹೆಣೆದೇ ಬಾಟ್ಲಿ, ಜಾಡಿಗಳನ್ನು ಮೂಡಿಸಿದ. 1930ರಿಂದ 1956ರವರೆಗೆ ಅಲ್ಲೇ ಎಚಿಂಗ್ ಪಾಠವನ್ನೂ ಮಾಡಿದ. ಎರಡೂ ಬೇಕು ಅನ್ನುವವರು ಡಚ್ ಕಲಾವಿದ ರೆಂಬ್ರಾಂಟ್ 1650ರಲ್ಲಿ ಮಾಡಿದ ಕಡಲಚಿಪ್ಪಿನ ಪ್ರಿಂಟ್ ನೋಡಿ, ಎರಡನ್ನೂ ಬೆರೆಸಿದ್ದಾನೆ.

ನಮ್ಮ ಕೊಡಗಿನ ಮಳೆಗಾಲದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಸಿಡ್ ಬೇಡವೇ ಬೇಡ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ಅದನ್ನು ಸುಮ್ನೆ ತೋಟದ ತೋಡಿಗೆ ಸುರಿದರೆ ಮೀನಿಗೆ ವಿಷ ಅಲ್ವಾ? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಡ್ರೈಪಾಯಿಂಟೇ ಇರಲಿ, ತಾಮ್ರ ದುಬಾರಿ ಅನ್ನಿಸಿದರೆ ಅಕ್ರಿಲಿಕ್ ಶೀಟ್ ಸಾಕು. ಎಚಿಂಗ್ ಮಳೆ ಬಿಟ್ಟಮೇಲೆ. ಪ್ರೆಸ್ ಮಾತ್ರ ಎರಡಕ್ಕೂ ಬೇಕು.